ಸಂಪಾದಕರ ಉತ್ತರ: ಹುಬ್ಬಳ್ಳಿ ಅಳಿಯ ಇದ್ದಿದ್ದರೂ ಲೆಕ್ಕ ಇದೇ, ಮೇಷ್ಟ್ರೇ

ದಾವಣಗೆರೆಯಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅವರ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಜೊತೆಗೆ ಸೊಸೆ ಮತ್ತು ಒಂದು ಮಗು. ಪತ್ರದ ಸಾರ ಇಷ್ಟು: "ಅಷ್ಟೊಂದು ತೆರಿಗೆ ವಸೂಲಿ ಮಾಡಿಯೂ ಬ್ರಿಟನ್ ಸರ್ಕಾರ ದುಡ್ಡಿಲ್ಲ ಅನ್ನುತ್ತದೆ. ವಯಸ್ಸಾದವರಿಗೆ ಕೊಡುತ್ತಿದ್ದ ಚಳಿಗಾಲದ ಹಣ ನಿಲ್ಲಿಸಿದರು, ಗಲಾಟೆಯಾದ ಮೇಲೆ ಮತ್ತೆ ಕೊಟ್ಟರು. ಸರ್ಕಾರ ನಡೆಸೋದು ಹೀಗಾ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನೋದು ಸಣ್ಣ ಹುಡುಗರಿಗೂ ಗೊತ್ತು. ನಮ್ಮ ಹುಬ್ಬಳ್ಳಿ ಅಳಿಯ ರಿಷಿ ಸುನಕ್ ಮುಂದುವರಿದಿದ್ದರೆ ಈ ಗತಿ ಬರುತ್ತಿರಲಿಲ್ಲ. ವಲಸೆ ಬಂದವರೇ ಹೊರೆ ಅಂತ ಅಲ್ಲಿಯವರು ಹೇಳುತ್ತಾರಂತೆ, ನಿಜವೇ? ಆ ದೇಶ ದಿವಾಳಿಯಾಗುತ್ತದೆಯೇ? ಮಗ ಅಲ್ಲಿ ಮನೆ ಕೊಳ್ಳಬಹುದೇ?"

ಮೇಷ್ಟ್ರೇ, ಮೊದಲು ದಿವಾಳಿ ವಿಷಯ ಮುಗಿಸಿಬಿಡೋಣ. ಆಗುವುದಿಲ್ಲ. ಬ್ರಿಟನ್ ಸಾಲ ಮಾಡುವುದು ತನ್ನದೇ ಪೌಂಡಿನಲ್ಲಿ. 1976ರಲ್ಲಿ ಅವರು ಐಎಂಎಫ್ ಬಾಗಿಲು ತಟ್ಟಿ 3.9 ಬಿಲಿಯನ್ ಡಾಲರ್ ಕೇಳಿದ್ದು ನಿಜ, ಆದರೆ ಆಗ ಬೇಕಾಗಿದ್ದದ್ದು ಡಾಲರ್, ಪೌಂಡ್ ಬೀಳದಂತೆ ಹಿಡಿಯಲು. ಈಗಿನ ಕಷ್ಟವೇ ಬೇರೆ. ಸಾಲ ಹತ್ತಿರ ಹತ್ತಿರ ದೇಶದ ಒಂದು ವರ್ಷದ ಉತ್ಪನ್ನದಷ್ಟಿದೆ. ಬಡ್ಡಿಗೇ ವರ್ಷಕ್ಕೆ 100 ಬಿಲಿಯನ್ ಪೌಂಡ್ ಮೀರಿ ಹೋಗುತ್ತಿದೆ, ಅಂದರೆ ಇಡೀ ರಕ್ಷಣಾ ಇಲಾಖೆಯ ಖರ್ಚಿಗಿಂತ ಜಾಸ್ತಿ. ಅದರಲ್ಲೂ ಸುಮಾರು ಕಾಲು ಭಾಗ ಸಾಲವನ್ನು ಬೆಲೆ ಏರಿಕೆಗೆ ಕಟ್ಟಿಹಾಕಿದ್ದಾರೆ. ಬೆಲೆ ಏರಿದರೆ ಆ ಸಾಲದ ಹೊರೆಯೂ ತಾನಾಗಿ ಏರುತ್ತದೆ. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ. 11 ದಾಟಿದಾಗ ಏನಾಗಿರಬಹುದು ಅಂತ ಗಣಿತದ ಮೇಷ್ಟ್ರಿಗೆ ನಾನು ಹೇಳಬೇಕಿಲ್ಲ.

ಇನ್ನು ಅಳಿಯಂದಿರ ವಿಷಯ. ಸುನಕ್ ಹೆಂಡತಿ ಅಕ್ಷತಾ ಮೂರ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಹಾಗಾಗಿ ಅವರ ಬಗ್ಗೆ ನಮಗೆಲ್ಲ ಒಂದು ಸಲಿಗೆ ಇದೆ, ಇರಲಿ. ಕೋವಿಡ್ ಹೊತ್ತಲ್ಲಿ ಹಣಕಾಸು ಮಂತ್ರಿಯಾಗಿ ಅವರು ಮಾಡಿದ ದೊಡ್ಡ ಕೆಲಸವನ್ನೂ ಮರೆಯಬಾರದು. ಕೆಲಸ ನಿಂತುಹೋದವರಿಗೆ ಸಂಬಳದ ಶೇ. 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯಲ್ಲಿ, ಸರ್ಕಾರವೇ ಕೊಟ್ಟಿತು. ಸುಮಾರು 70 ಬಿಲಿಯನ್ ಖರ್ಚಾಯಿತು. ಆದರೆ ನಿಮ್ಮ ಮಗನ ಸಂಬಳದ ಚೀಟಿ ನೋಡಿ. ಅಲ್ಲಿ ಅಳಿಯಂದಿರ ಕೈಬರಹ ಇನ್ನೂ ಇದೆ.

2021ರ ಮಾರ್ಚ್ ಬಜೆಟ್‌ನಲ್ಲಿ ಸುನಕ್ ಒಂದು ಕೆಲಸ ಮಾಡಿದರು. ತೆರಿಗೆ ಶುರುವಾಗುವ 12,570 ಪೌಂಡಿನ ಗೆರೆ, ಶೇ. 40ರ ದರ ಶುರುವಾಗುವ 50,270ರ ಗೆರೆ, ಎರಡನ್ನೂ ಅಲ್ಲೇ ನಿಲ್ಲಿಸಿಬಿಟ್ಟರು. ಬೆಲೆ ಏರುತ್ತದೆ, ಸಂಬಳ ಏರುತ್ತದೆ, ಗೆರೆ ಮಾತ್ರ ಏರುವುದಿಲ್ಲ. ನಿಮ್ಮ ಮಗನಿಗೆ ಆಗ 48,000 ಸಂಬಳ ಇತ್ತು, ಈಗ 54,000 ಆಗಿದೆ ಅಂತಿಟ್ಟುಕೊಳ್ಳಿ. ಅಂಗಡಿ ಬೆಲೆಗೆ ಹೋಲಿಸಿದರೆ ಅವನು ಮೊದಲಿಗಿಂತ ಬಡವನಾಗಿದ್ದಾನೆ. ಆದರೂ ಗೆರೆಯ ಮೇಲಿನ 3,730 ಪೌಂಡಿಗೆ ಶೇ. 20 ಬದಲು 40 ಕಟ್ಟುತ್ತಾನೆ. ಆದಾಯ ತೆರಿಗೆಯಲ್ಲೇ 746 ಪೌಂಡ್ ಜಾಸ್ತಿ. (ನ್ಯಾಷನಲ್ ಇನ್ಶೂರೆನ್ಸ್ ಅಂತ ಸಂಬಳದಲ್ಲಿ ಹಿಡಿಯುವ ಇನ್ನೊಂದು ತೆರಿಗೆ ಇದೆ, ಅದರಲ್ಲಿ ಇದರ ಸ್ವಲ್ಪ ಭಾಗ ಉಳಿಯುತ್ತದೆ. ನೀವು ಲೆಕ್ಕ ತಪ್ಪು ಅಂತ ಮತ್ತೊಂದು ಪತ್ರ ಬರೆಯುವ ಮೊದಲೇ ಹೇಳಿಬಿಡುತ್ತೇನೆ.) ಕೇಳಿದರೆ, ನಾವು ತೆರಿಗೆ ದರ ಏರಿಸಿಯೇ ಇಲ್ಲ ಅನ್ನುತ್ತಾರೆ. ಮಾತು ನಿಜ. ದುಡ್ಡು ಹೋಗಿದ್ದೂ ನಿಜ.

ಅಲ್ಲಿಗೇ ನಿಲ್ಲಲಿಲ್ಲ. ಸುನಕ್ ಪ್ರಧಾನಿಯಾಗಿದ್ದಾಗ, ಚುನಾವಣೆ ಹತ್ತಿರ ಬರುತ್ತಿದ್ದಂತೆ, ಅವರ ಹಣಕಾಸು ಮಂತ್ರಿ ಜೆರೆಮಿ ಹಂಟ್ ನೌಕರರ ನ್ಯಾಷನಲ್ ಇನ್ಶೂರೆನ್ಸನ್ನು ಶೇ. 12ರಿಂದ 10ಕ್ಕೆ, ಆಮೇಲೆ 8ಕ್ಕೆ ಇಳಿಸಿದರು. ವರ್ಷಕ್ಕೆ ಸುಮಾರು 20 ಬಿಲಿಯನ್ ಖೋತಾ. ಆ ಜಾಗ ತುಂಬುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಮುಂದೆ ಬಂದವರು ನೋಡಿಕೊಳ್ಳಲಿ ಅಂತ ಬಿಟ್ಟು ಹೋದರು.

ಮುಂದೆ ಬಂದವರು ಲೇಬರ್ ಪಕ್ಷದವರು. ಅವರೇನು ಕಮ್ಮಿ ಇಲ್ಲ. 2024ರ ಚುನಾವಣೆಗೆ ಮೊದಲೇ ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ವ್ಯಾಟ್ ಈ ಮೂರನ್ನೂ ಏರಿಸುವುದಿಲ್ಲ ಅಂತ ಮಾತು ಕೊಟ್ಟರು. ಒಟ್ಟು ತೆರಿಗೆಯಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಬರುವುದು ಈ ಮೂರರಿಂದಲೇ. ದೊಡ್ಡ ಬಾಗಿಲುಗಳಿಗೆಲ್ಲ ತಾವೇ ಬೀಗ ಹಾಕಿಕೊಂಡ ಮೇಲೆ ಕಿಟಕಿಯಲ್ಲಿ ನುಸುಳಲೇಬೇಕಲ್ಲ. ನನ್ನ ಪ್ರಕಾರ ಬ್ರಿಟನ್ನಿನ ನಿಜವಾದ ರೋಗ ಇದು. ಸಾಲ ಅಲ್ಲ, ವಲಸಿಗರಲ್ಲ. ಯಾವುದಕ್ಕೆ ಎಷ್ಟು ಬೀಳುತ್ತದೆ, ಅದನ್ನು ಯಾರು ಕೊಡಬೇಕು ಅಂತ ಮತದಾರನ ಮುಖ ನೋಡಿ ಹೇಳುವ ಧೈರ್ಯ ಎರಡೂ ಪಕ್ಷಕ್ಕಿಲ್ಲ.

ನೀವು ಕೇಳಿದ ಚಳಿಗಾಲದ ಹಣ ಇದಕ್ಕೆ ಒಳ್ಳೆ ಉದಾಹರಣೆ. ಮನೆ ಬೆಚ್ಚಗಿಡಲು ವಯಸ್ಸಾದವರಿಗೆ 200 ಪೌಂಡ್, 80 ದಾಟಿದವರಿದ್ದರೆ 300. ಶ್ರೀಮಂತ ಅಜ್ಜನಿಗೂ ಬರುತ್ತಿತ್ತು. 2024ರ ಜುಲೈ ಕೊನೆಯಲ್ಲಿ ಹಣಕಾಸು ಮಂತ್ರಿ ರೇಚಲ್ ರೀವ್ಸ್, ಹಿಂದಿನವರು 22 ಬಿಲಿಯನ್ ಹಳ್ಳ ಬಿಟ್ಟುಹೋಗಿದ್ದಾರೆ ಅಂತ ಹೇಳಿ, ಇದನ್ನು ತೀರಾ ಬಡವರಿಗೆ ಮಾತ್ರ ಉಳಿಸಿದರು. ಸುಮಾರು ಒಂದು ಕೋಟಿ ಜನರ ಕೈತಪ್ಪಿತು. ಉಳಿತಾಯ ಎಷ್ಟು? ಒಂದೂವರೆ ಬಿಲಿಯನ್ ಆಸುಪಾಸು. ಸರ್ಕಾರದ ಒಟ್ಟು ಖರ್ಚು 1,200 ಬಿಲಿಯನ್‌ಗೂ ಮೇಲೆ. ಸಾವಿರ ಪೌಂಡಿನಲ್ಲಿ ಒಂದು ಪೌಂಡ್ ಚಿಲ್ಲರೆ ಉಳಿಸಲು ಒಂದು ಕೋಟಿ ಜನರ ಶಾಪ ಹಾಕಿಸಿಕೊಂಡರು. 2025ರ ಜೂನ್‌ನಲ್ಲಿ ಹಿಂದೆ ಸರಿದು, ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯ ಇರುವವರಿಗೆಲ್ಲ ಮತ್ತೆ ಕೊಟ್ಟರು. ಉಳಿತಾಯದ ಹೆಚ್ಚಿನ ಪಾಲೂ ಹೋಯಿತು, ಮಾನವೂ ಹೋಯಿತು.

ತಮಾಷೆ ಏನು ಗೊತ್ತಾ? ಅದೇ ಅಜ್ಜ ಅಜ್ಜಿಯರ ಪಿಂಚಣಿಯನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆ ಟ್ರಿಪಲ್ ಲಾಕ್ ಅಂತಾರೆ. ಬೆಲೆ ಏರಿಕೆ, ಸರಾಸರಿ ಸಂಬಳದ ಏರಿಕೆ, ಇಲ್ಲವೇ ಶೇ. 2.5, ಈ ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು ಪಿಂಚಣಿ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ. 2023ರಲ್ಲಿ ಶೇ. 10.1, ಮರುವರ್ಷ 8.5. ಒಂದು ವರ್ಷ ಬೆಲೆ ನೆಗೆಯುತ್ತದೆ, ಮರುವರ್ಷ ಅದನ್ನು ಹಿಡಿಯಲು ಸಂಬಳ ನೆಗೆಯುತ್ತದೆ, ಪಿಂಚಣಿ ಎರಡೂ ಸಲ ನೆಗೆಯುತ್ತದೆ, ಕೆಳಗಿಳಿಯುವುದು ಅಂತೂ ಇಲ್ಲ. ನೀವೂ ಪಿಂಚಣಿ ತೆಗೆದುಕೊಳ್ಳುವವರು, ನನ್ನ ಮೇಲೆ ಸಿಟ್ಟಾಗಬೇಡಿ. ಆದರೆ ದೊಡ್ಡ ಮೊತ್ತ ಇರುವುದು ಅಲ್ಲಿ. ವಯಸ್ಸಾದವರು ತಪ್ಪದೆ ವೋಟು ಹಾಕುತ್ತಾರೆ, ಅದಕ್ಕೇ ಎಲ್ಲ ಪಕ್ಷಗಳೂ ಸುಮ್ನೆ ಕೂತಿವೆ.

2025ರ ನವೆಂಬರ್‌ನಲ್ಲಿ ರೀವ್ಸ್ ಆದಾಯ ತೆರಿಗೆ ದರ ಏರಿಸುವ ಸೂಚನೆ ಕೊಟ್ಟರು. ಸದ್ಯ, ಈಗಲಾದರೂ ನೇರ ಮಾತಾಡುತ್ತಾರೆ ಅಂದುಕೊಂಡೆ. ಬಜೆಟ್‌ಗೆ ಎರಡು ವಾರ ಇರುವಾಗ ಕೈಬಿಟ್ಟರು. ಬದಲಿಗೆ ಏನು ಮಾಡಿದರು? ನಿಮ್ಮ ಅಳಿಯಂದಿರು ನಿಲ್ಲಿಸಿದ್ದ ಆ ಗೆರೆಯನ್ನೇ 2031ರವರೆಗೆ ನಿಲ್ಲಿಸಿದರು! ಯಾರು ಕುರ್ಚಿಯಲ್ಲಿ ಕೂತರೂ ಲೆಕ್ಕ ಇದೇ ಅಂತ ನಾನು ಹೇಳಿದ್ದು ಅದಕ್ಕೇ.

ಹಾಸಿಗೆ ಇದ್ದಷ್ಟು ಕಾಲು ಚಾಚೋ ವಿಷಯಕ್ಕೆ ಬರುತ್ತೇನೆ. ಮನೆಗೆ ಸರಿ. ಸರ್ಕಾರ ಖರ್ಚು ನಿಲ್ಲಿಸಿದರೆ ಅದು ಇನ್ಯಾರದೋ ಸಂಬಳ, ಇನ್ಯಾವುದೋ ಅಂಗಡಿಯ ವ್ಯಾಪಾರ. ಅವರು ಕಟ್ಟುವ ತೆರಿಗೆಯೂ ಕಮ್ಮಿಯಾಗುತ್ತದೆ. 2010ರಲ್ಲಿ ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ನಿಮ್ಮ ಗಾದೆಯನ್ನೇ ನಂಬಿ ಕತ್ತರಿ ಹಿಡಿದರು. ಆಗ ಸಾಲ ದೇಶದ ಉತ್ಪನ್ನದ ಶೇ. 65ರ ಆಸುಪಾಸು ಇತ್ತು. ಕೋವಿಡ್ ಬರುವ ಮೊದಲೇ ಅದು 80ರ ಹತ್ತಿರ ಹೋಗಿತ್ತು. ಹತ್ತು ವರ್ಷ ಕತ್ತರಿಸಿಯೂ ಹೀಗೆ.

ಜೋರಾಗಿ ಪೆಟ್ಟು ಬಿದ್ದಿದ್ದು ಸ್ಥಳೀಯ ಕೌನ್ಸಿಲ್‌ಗಳಿಗೆ, ನಮ್ಮಲ್ಲಿ ನಗರಪಾಲಿಕೆ ಇದ್ದ ಹಾಗೆ ಅವು. ಅನುದಾನ ಕಡಿದರು, ವಯಸ್ಸಾದವರನ್ನೂ ಅಂಗವಿಕಲರನ್ನೂ ನೋಡಿಕೊಳ್ಳುವ ಕಾನೂನಿನ ಹೊಣೆ ಹಾಗೇ ಉಳಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಕೌನ್ಸಿಲ್, ಅತ್ಯಗತ್ಯ ಅಲ್ಲದ ಹೊಸ ಖರ್ಚು ಇನ್ನಿಲ್ಲ ಅಂತ ನೋಟಿಸ್ ಹೊರಡಿಸಿತು. ಅದು ಪೂರ್ತಿ ಲಂಡನ್ನಿನ ತಪ್ಪಲ್ಲ. ಹೆಂಗಸರಿಗೆ ಕಮ್ಮಿ ಸಂಬಳ ಕೊಟ್ಟಿದ್ದಕ್ಕೆ ಬಾಕಿ ತೀರಿಸಬೇಕಿತ್ತು, ಲೆಕ್ಕ ಇಡಲು ತಂದ ಹೊಸ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ಕಸದವರ ಪೂರ್ಣ ಮುಷ್ಕರ ಶುರುವಾಯಿತು, ಬೀದಿಯಲ್ಲಿ ಕಪ್ಪು ಚೀಲದ ರಾಶಿ, ಇಲಿಗಳು. ಈ ಕೌನ್ಸಿಲ್ ತೆರಿಗೆಯೂ ಒಂದು ವಿಚಿತ್ರ. ಇಂಗ್ಲೆಂಡಿನಲ್ಲಿ ಇವತ್ತಿಗೂ ಅದನ್ನು ಲೆಕ್ಕ ಹಾಕುವುದು 1991ರ ಮನೆ ಬೆಲೆಯ ಮೇಲೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅರಮನೆಯಂಥ ಮನೆ ಇರುವವರಿಗಿಂತ ಉತ್ತರದ ಹಾರ್ಟ್ಲ್‌ಪೂಲ್‌ನ ಸಾಧಾರಣ ಮನೆಯವರು ಜಾಸ್ತಿ ಕಟ್ಟುತ್ತಾರೆ. ಮತ್ತೆ ಬೆಲೆ ಕಟ್ಟಿಸಿದರೆ ವೋಟು ಹೋಗುತ್ತದೆ ಅಂತ ಮೂವತ್ತು ವರ್ಷ ದಾಟಿದರೂ ಯಾರೂ ಮುಟ್ಟಿಲ್ಲ.

ಹಾಗಂತ ಬೇಕಾದಷ್ಟು ಸಾಲ ಮಾಡಬಹುದು ಅಂತಲ್ಲ. 2022ರ ಸೆಪ್ಟೆಂಬರ್ 23ರಂದು ಲಿಜ್ ಟ್ರಸ್ ಸರ್ಕಾರ 45 ಬಿಲಿಯನ್ ತೆರಿಗೆ ಇಳಿಸುತ್ತೇವೆ ಅಂತು. ದುಡ್ಡು ಎಲ್ಲಿಂದ ಅಂತ ಹೇಳಲಿಲ್ಲ, ಸ್ವತಂತ್ರ ಲೆಕ್ಕ ಸಂಸ್ಥೆಯ ಅಂದಾಜನ್ನೂ ಜೊತೆಗೆ ತರಲಿಲ್ಲ. ಮೂರೇ ದಿನಕ್ಕೆ ಪೌಂಡ್ 1.03 ಡಾಲರ್ ಹತ್ತಿರ ಬಿತ್ತು. ಸರ್ಕಾರಿ ಬಾಂಡ್ ಬೆಲೆ ಕುಸಿಯಿತು. ಆ ಬಾಂಡ್ ಇಟ್ಟುಕೊಂಡು ಸಾಲ ಎತ್ತಿದ್ದ ಪಿಂಚಣಿ ನಿಧಿಗಳು ನಗದು ಹೊಂದಿಸಲು ಬಾಂಡನ್ನೇ ಮಾರತೊಡಗಿದವು, ಮಾರಿದಷ್ಟೂ ಬೆಲೆ ಇನ್ನೂ ಕುಸಿಯಿತು. ಕೊನೆಗೆ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್, 65 ಬಿಲಿಯನ್‌ವರೆಗೂ ಕೊಳ್ಳಲು ಸಿದ್ಧ ಅಂತ ಮಧ್ಯೆ ಬಂತು. ಅಷ್ಟು ಹೇಳಿದ್ದಕ್ಕೇ ಪೇಟೆಯ ಗಾಬರಿ ಆ ಕ್ಷಣಕ್ಕೆ ಇಳಿಯಿತು, ನಿಜವಾಗಿ ಕೊಂಡಿದ್ದು 19 ಬಿಲಿಯನ್ ಚಿಲ್ಲರೆ. ಟ್ರಸ್ 49ನೇ ದಿನಕ್ಕೆ ಪ್ರಧಾನಿ ಕುರ್ಚಿ ಬಿಟ್ಟರು. ಯಾರು ಜಾಸ್ತಿ ದಿನ ಉಳಿಯುತ್ತಾರೆ ನೋಡೋಣ ಅಂತ ಟ್ಯಾಬ್ಲಾಯ್ಡ್ ಪತ್ರಿಕೆಯೊಂದು ಕ್ಯಾಮೆರಾ ಮುಂದೆ ಇಟ್ಟಿದ್ದ ಲೆಟ್ಯೂಸ್ ಸೊಪ್ಪು ಅವರಿಗಿಂತ ಜಾಸ್ತಿ ದಿನ ಬಾಳಿತು.

ವಲಸೆ ಹೊರೆಯ ಮಾತು. ನಿಮ್ಮ ಮಗನ ಲೆಕ್ಕವನ್ನೇ ಹಾಕೋಣ. ವೀಸಾದಲ್ಲಿ ಬರುವವರು ಕಟ್ಟಬೇಕಾದ ಆರೋಗ್ಯ ಶುಲ್ಕ 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಮಗು, ಮೂರು ವರ್ಷದ ವೀಸಾ: 8,538 ಪೌಂಡ್. ನಮ್ಮ ದುಡ್ಡಲ್ಲಿ ಒಂಬತ್ತು ಲಕ್ಷಕ್ಕೂ ಮೇಲೆ, ಅದೂ ಮುಂಗಡವಾಗಿ. ಇದರ ಮೇಲೆ ಎಲ್ಲರಂತೆ ತೆರಿಗೆ ಬೇರೆ. ಅಷ್ಟಾದರೂ ಈ ವೀಸಾದಲ್ಲಿ ಇರುವವರೆಗೆ ಹೆಚ್ಚಿನ ಸರ್ಕಾರಿ ಭತ್ಯೆಗಳು ಅವನಿಗಿಲ್ಲ. ಎಲ್ಲ ವಲಸಿಗರ ಲೆಕ್ಕವೂ ಹೀಗೇ ಬರುತ್ತದೆ ಅಂತ ನಾನು ಹೇಳುವುದಿಲ್ಲ, ತೀರಾ ಕಮ್ಮಿ ಸಂಬಳದವರದ್ದು ಬೇರೆ ಲೆಕ್ಕ. ಆದರೆ ನಿಮ್ಮ ಮಗನನ್ನು ಹೊರೆ ಅನ್ನುವವರಿಗೆ ಈ ರಸೀದಿ ತೋರಿಸಲಿ. ಕಾಯಂ ವಾಸಕ್ಕೆ ಐದರ ಬದಲು ಹತ್ತು ವರ್ಷ ಕಾಯಿಸುವ ಪ್ರಸ್ತಾಪವನ್ನು ಸರ್ಕಾರ 2025ರ ಮೇನಲ್ಲಿ ಮುಂದಿಟ್ಟಿತು, ಅದರ ಮೇಲೆ ಒಂದು ಕಣ್ಣಿರಲಿ.

ಮನೆ ಕೊಳ್ಳಬೇಕೋ ಬೇಡವೋ ಅಂತ ನಾನು ಹೇಳಲಾರೆ, ಅದು ನಿಮ್ಮ ಮಗ ಸೊಸೆ ಕೂತು ತೀರ್ಮಾನಿಸಬೇಕು. ಒಂದು ಮಾತು ಮಾತ್ರ ತಿಳಿದಿರಲಿ. ಅಲ್ಲಿ ಗೃಹಸಾಲದ ಬಡ್ಡಿಯನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೋ ಐದು ವರ್ಷಕ್ಕೋ ಮಾತ್ರ ನಿಗದಿ ಮಾಡುತ್ತಾರೆ. ಅವಧಿ ಮುಗಿದಾಗ ಪೇಟೆಯಲ್ಲಿ ಏನು ದರ ಇದೆಯೋ ಅದಕ್ಕೆ ಒಪ್ಪಬೇಕು. ಟ್ರಸ್ ಗಲಾಟೆಯ ಅಕ್ಟೋಬರ್‌ನಲ್ಲಿ ಎರಡು ವರ್ಷದ ಸರಾಸರಿ ದರ ಶೇ. 6 ದಾಟಿತ್ತು. ಅದಕ್ಕೂ ಮೊದಲು ಶೇ. 2ಕ್ಕಿಂತ ಕಮ್ಮಿಗೆ ಸಾಲ ತೆಗೆದು, ಸರಿಯಾಗಿ ಅದೇ ತಿಂಗಳು ಅವಧಿ ಮುಗಿದವರ ತಿಂಗಳ ಕಂತು ಎಷ್ಟಾಗಿರಬಹುದು ಅಂತ ಮಗನಿಗೊಂದು ಲೆಕ್ಕ ಹಾಕಿಕೊಡಿ ಮೇಷ್ಟ್ರೇ, ಸಹಿ ಹಾಕುವ ಮೊದಲು.