ಮೂರು ತಿಂಗಳ ಕೂಸಿಗೆ ಎಲ್ಲಿಯ ಪಾಪ?

ಬಳ್ಳಾರಿಯಲ್ಲಿ ಪಕ್ಕದ ಮನೆಯ ಕೂಸಿನ ದೀಕ್ಷಾಸ್ನಾನಕ್ಕೆ, ಅಂದರೆ ಪಾಪ ತೊಳೆಯಲೆಂದು ತಲೆಗೆ ನೀರು ಹೊಯ್ಯುವ ಕ್ರೈಸ್ತ ಸಂಸ್ಕಾರಕ್ಕೆ, ಹೋಗಿದ್ದಿರಿ, 'ಮೂರು ತಿಂಗಳ ಕೂಸು ಯಾವ ಪಾಪ ಮಾಡಿತ್ತು?' ಎಂದು ಕೇಳಿದ್ದೀರಿ. ಯಾವುದೂ ಇಲ್ಲ. ಕಥೋಲಿಕ ಸಭೆ (ಚರ್ಚ್) ಹೇಳುವುದೂ ಅದನ್ನೇ: ಮೊದಲ ಮನುಷ್ಯ ಆದಾಮನ ತಪ್ಪಿನಿಂದ ಎಲ್ಲರಿಗೂ ಹುಟ್ಟಿನೊಂದಿಗೇ ಬರುವ ಜನ್ಮಪಾಪ ಮಾಡಿದ್ದಲ್ಲ, ಬಂದದ್ದು, ಕೃತ್ಯವಲ್ಲ, ಸ್ಥಿತಿ. ಸಂಡೂರಿನ ಕಡೆ ಅದಿರು ಲಾರಿ ಓಡುವ ರಸ್ತೆಯ ಪಕ್ಕದ ಮನೆಯಲ್ಲಿ ಬೆಳಿಗ್ಗೆ ಒಗೆದು ಹಾಕಿದ ತೊಟ್ಟಿಲ ಬಟ್ಟೆ ಮಧ್ಯಾಹ್ನಕ್ಕೇ ಕೆಂಪಾಗುತ್ತದಲ್ಲ, ಹಾಗೆ. ಧೂಳು ಎಬ್ಬಿಸಿದ್ದು ಕೂಸಲ್ಲ, ಆದರೆ ಉಸಿರಾಡುವುದು ಅದನ್ನೇ.

ಈ ಬೋಧನೆಗೆ ಗಟ್ಟಿ ರೂಪ ಕೊಟ್ಟವನು ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್. ಮನಸ್ಸು ಮಾಡಿದರೆ ಮನುಷ್ಯ ಪಾಪವಿಲ್ಲದೆ ಬದುಕಬಲ್ಲ ಎಂಬ ಅವನ ಕಾಲದ ಸನ್ಯಾಸಿ ಪೆಲಾಜಿಯಸನ ವಾದವನ್ನು ಕ್ರಿ.ಶ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ತಳ್ಳಿಹಾಕಿತು. ಆದಾಮನ ಅಪರಾಧವೇ ಮಕ್ಕಳಿಗೂ ಬರುತ್ತದೆ ಎಂಬ ಅಗಸ್ಟೀನನ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬಂದದ್ದು ಸಾವು, ಅಪರಾಧವಲ್ಲ ಎನ್ನುತ್ತವೆ ಪೂರ್ವದ ಆರ್ಥೊಡಾಕ್ಸ್ ಸಭೆಗಳು. ತಂದೆಯ ಪಾಪವನ್ನು ಮಗ ಹೊರುವುದಿಲ್ಲ ಎಂದು ಬೈಬಲಿನ ಪ್ರವಾದಿ ಯೆಹೆಜ್ಕೇಲನ ಗ್ರಂಥದ 18ನೇ ಅಧ್ಯಾಯದಲ್ಲೇ ಇದೆ.

ಗೊಂದಲದಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಹೊಸ ಒಡಂಬಡಿಕೆಯ ಗ್ರೀಕ್ ಪದ 'ಹಮಾರ್ತಿಯ'ದ ಮೂಲಾರ್ಥ ಗುರಿ ತಪ್ಪುವುದು. 'ಪಾಪ' ಎಂದೊಡನೆ ನಮಗೆ ನೆನಪಾಗುವುದು ಕರ್ಮದ ಲೆಕ್ಕ. ತಲೆಗೆ ನೀರು ಬಿದ್ದು ಕೂಸು ಅತ್ತಾಗ ಹಿಂದಿನ ಸಾಲಿನ ಅಜ್ಜಿಯರು 'ಪಾಪ!' ಎಂದಿರಬೇಕಲ್ಲ, ಅದು ಬೇರೆಯದೇ ಪಾಪ.