ಮಗಳ ಶಾಲೆಗೆ ಊಟಕ್ಕೆ ಹೋಗುವ ಮುನ್ನ

ತಂಗಿ, ಮುಂದಿನ ತಿಂಗಳು ಕಲಬುರಗಿಯಿಂದ ಟೆಕ್ಸಾಸಿಗೆ ಹೊರಟಿರುವ ನೀವು, ಒಂದನೇ ತರಗತಿಗೆ ಸೇರಲಿರುವ ಮಗಳ ಶಾಲೆಯಲ್ಲಿ ಪಾಲಕರು ಮಧ್ಯಾಹ್ನ ಮಗುವಿನ ಜೊತೆ ಕುಳಿತು ಉಣ್ಣಬಹುದೆಂದು ತಿಳಿದು, ಹಾಗೆ ಹೋಗುವುದು ವಾಡಿಕೆಯೇ, ಬುತ್ತಿಗೆ ಏನು ಕಟ್ಟಬೇಕು, ಮಗಳ ಮೇಲೆ ದೂರಿರುವುದರಿಂದ ಕರೆಸಿದ್ದಾರೆಂದು ನೋಡಿದವರು ಭಾವಿಸುವುದಿಲ್ಲವೇ ಎಂದು ಕೇಳಿದ್ದೀರಿ. ನಾವು ಕಲಬುರಗಿಯಲ್ಲಿ ಓದುವಾಗ ಅಪ್ಪ, ಅವ್ವ ಶಾಲೆಗೆ ಬರುತ್ತಿದ್ದುದು ಫೀ ಕಟ್ಟಲು, ಇಲ್ಲವೇ ಹೆಡ್‌ಮಾಸ್ತರರು ಹೇಳಿಕಳಿಸಿದಾಗ. ಆದ್ದರಿಂದ ನಿಮ್ಮ ಅಂಜಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಟೆಕ್ಸಾಸಿನ ಪ್ರಾಥಮಿಕ ಶಾಲೆಗಳಲ್ಲಿ ಹೀಗೆ ಬಂದು ಉಣ್ಣುವವರು ಬಹಳ ಜನ, ಸಣ್ಣ ಮಕ್ಕಳಿಗಂತೂ ಅದು ಹಬ್ಬ. ಅವಶ್ಯವಾಗಿ ಹೋಗಿರಿ.

ಹೋಗುವ ಮೊದಲು ಆಫೀಸಿಗೆ ಫೋನ್ ಮಾಡಿ ಕೇಳಿರಿ, ಏಕೆಂದರೆ ಒಂದೊಂದು ಶಾಲೆಯ ನಿಯಮ ಒಂದೊಂದು ತರಹ. ಮಕ್ಕಳು ದಿನಚರಿಗೆ ಹೊಂದಿಕೊಳ್ಳಲೆಂದು ವರ್ಷದ ಮೊದಲ ಕೆಲವು ವಾರ ಪಾಲಕರನ್ನು ಬಿಡದ ಶಾಲೆಗಳೂ ಇವೆ. ಒಳಗೆ ಹೋಗಲು ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ಬಂದವರ ಹೆಸರನ್ನು ಲೈಂಗಿಕ ಅಪರಾಧಿಗಳ ಪಟ್ಟಿಯೊಡನೆ ತಾಳೆ ನೋಡಲು ಟೆಕ್ಸಾಸಿನ ಕಾನೂನು ಶಾಲೆಗಳಿಗೆ ಅಧಿಕಾರ ಕೊಟ್ಟಿದೆ. ಅದನ್ನು ಅವಮಾನವೆಂದು ತಿಳಿಯಬೇಡಿ, ಆ ತಪಾಸಣೆ ನಿಮ್ಮ ಮಗಳನ್ನೂ ಕಾಯುತ್ತದೆ. ಡ್ರೈವಿಂಗ್ ಲೈಸನ್ಸ್ ಕೈಗೆ ಬರುವವರೆಗೆ ಪಾಸ್‌ಪೋರ್ಟ್ ನಡೆಯುತ್ತದೆಯೇ ಎಂಬುದನ್ನೂ ಆಗಲೇ ವಿಚಾರಿಸಿಬಿಡಿ.

ಇನ್ನು ಬುತ್ತಿಯ ಮಾತು. ಇದರಲ್ಲಿ ನಮ್ಮ ಕಡೆಯವರು ಉಳಿದವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಅಲರ್ಜಿಗೆ ಮುಖ್ಯ ಕಾರಣವೆಂದು ಅಮೆರಿಕದ ಆಹಾರ ಕಾನೂನು ಗುರುತಿಸಿರುವ 9 ಪದಾರ್ಥಗಳಲ್ಲಿ ಶೇಂಗಾ ಒಂದು, 2023ರಿಂದ ಎಳ್ಳೂ ಆ ಸಾಲಿಗೆ ಸೇರಿದೆ. ಶೇಂಗಾ ಹಿಂಡಿ, ಎಣ್ಣೆಗಾಯಿಯ ಮಸಾಲೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಹೀಗೆ ನಮ್ಮ ಮನೆಯ ಡಬ್ಬಿಯಲ್ಲಿ ಇವೆರಡೂ ಇಲ್ಲದ ದಿನವೇ ಕಡಿಮೆ. ಎಲ್ಲ ಶಾಲೆಗಳೂ ಇವನ್ನು ನಿಷೇಧಿಸಿಲ್ಲ. ಕೆಲವೆಡೆ ಅಲರ್ಜಿ ಇರುವ ಮಕ್ಕಳಿಗೆ ಬೇರೆ ಟೇಬಲ್ ಇಟ್ಟಿರುತ್ತಾರೆ. ಆದರೂ ನೀವು ಹೋಗುವ ದಿನ ಶೇಂಗಾ, ಎಳ್ಳು ಮನೆಯಲ್ಲೇ ಇರಲಿ. ಪಕ್ಕದ ಮಗು ಕೈ ಚಾಚಿದರೂ ನಿಮ್ಮ ಡಬ್ಬಿಯಿಂದ ಒಂದು ಚೂರನ್ನೂ ಕೊಡಬೇಡಿ. ಎದುರಿಗೆ ಕೂತವರಿಗೆ ಕೊಡದೆ ತಾನೊಬ್ಬನೇ ಉಣ್ಣುವುದು ನಮಗೆ ಬಹಳ ಕಷ್ಟದ ಕೆಲಸ, ನಿಜ. ಆದರೆ ಅಲರ್ಜಿ ಇರುವ ಮಗುವಿಗೆ ಕೆಲವೇ ನಿಮಿಷಗಳಲ್ಲಿ ಗಂಟಲು ಊದಿ ಉಸಿರು ಕಟ್ಟಬಹುದು, ಯಾವ ಮಗುವಿಗೆ ಏನು ಆಗಿಬರುವುದಿಲ್ಲವೆಂಬುದು ನಿಮಗೆ ತಿಳಿದಿರುವುದಿಲ್ಲ.

ಬುತ್ತಿ ಬೇಡವೆಂದರೆ ಶಾಲೆಯ ಊಟವೂ ಇದೆ. 1946ರಲ್ಲಿ ಕಾನೂನಾಗಿ ಬಂದ ರಾಷ್ಟ್ರೀಯ ಶಾಲಾ ಊಟದ ಯೋಜನೆಯಂತೆ ಹಣ್ಣು, ತರಕಾರಿ, ಧಾನ್ಯ, ಹಾಲು, ಮಾಂಸ ಅಥವಾ ಅದಕ್ಕೆ ಬದಲಿ ಎಂಬ ಐದು ಬಗೆಗಳನ್ನು ಮಕ್ಕಳ ಮುಂದಿಡುತ್ತಾರೆ. ಸಾಮಾನ್ಯವಾಗಿ ಮಗು ಅವುಗಳಲ್ಲಿ ಮೂರನ್ನಾದರೂ ತೆಗೆದುಕೊಳ್ಳಬೇಕು, ಮೂರರಲ್ಲಿ ಒಂದು ಹಣ್ಣೋ ತರಕಾರಿಯೋ ಆಗಿರಬೇಕು. ಸರ್ಕಾರದ ನೆರವು ಮಕ್ಕಳ ಊಟಕ್ಕೆ ಮಾತ್ರ ಇರುವುದರಿಂದ ನಿಮ್ಮ ತಟ್ಟೆಗೆ ನೀವು ಪೂರ್ತಿ ಹಣ ಕೊಡಬೇಕು.

ಹೋಗಿರೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಬೇರೆಯೇ ಇದೆ. ಅನೇಕ ಶಾಲೆಗಳಲ್ಲಿ ಊಟದ ಬಿಡುವು ಅರ್ಧ ಗಂಟೆಯನ್ನು ಮೀರುವುದಿಲ್ಲ, ಸಾಲಿನಲ್ಲಿ ನಿಲ್ಲುವುದು, ಕೈ ತೊಳೆಯುವುದು, ತಟ್ಟೆ ಎತ್ತಿಡುವುದು ಎಲ್ಲ ಅದರಲ್ಲೇ ಆಗಬೇಕು. ಆರು ವರ್ಷದ ಮಗು ಡಬ್ಬಿಯ ಬಿಗಿ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿ, ಆಗದೆ, ಕೈ ಎತ್ತಿ ಮೇಲ್ವಿಚಾರಕರ ದಾರಿ ನೋಡುತ್ತ ಕೂರುವುದನ್ನು ಪಕ್ಕದಲ್ಲಿ ಕುಳಿತು ನೋಡಿದಾಗಲೇ ಡಬ್ಬಿ ಏಕೆ ಅರ್ಧಕ್ಕರ್ಧ ಮರಳಿ ಬರುತ್ತದೆಂಬುದು ತಿಳಿಯುತ್ತದೆ. ಮನೆಯಲ್ಲಿ ಕೇಳಿದರೆ ಮಕ್ಕಳು ‘ಹಸಿವಿರಲಿಲ್ಲ’ ಎಂದಷ್ಟೇ ಹೇಳುತ್ತಾರೆ. ಬೆಳಿಗ್ಗೆ ಬಡಿದ ಜೋಳದ ರೊಟ್ಟಿ ಮಧ್ಯಾಹ್ನಕ್ಕೆ ಬಿರುಸಾಗಿರುತ್ತದೆ, ಬಿಸಿ ಮಾಡಿಕೊಡುವ ವ್ಯವಸ್ಥೆಯನ್ನು ನಿರೀಕ್ಷಿಸಬೇಡಿ. ಬಾಯಿ ಅಗಲವಾದ ಸಣ್ಣ ಥರ್ಮಾಸಿನಲ್ಲಿ ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು, ಅದನ್ನು ಚೆಲ್ಲಿ, ಬಿಸಿ ಅನ್ನಕ್ಕೆ ತೊಗರಿಬೇಳೆ ಕಲಸಿ ಹಾಕಿದರೆ ಊಟದ ಹೊತ್ತಿಗೂ ಬೆಚ್ಚಗಿರುತ್ತದೆ, ಮಗು ಚಮಚದಿಂದ ಬೇಗ ಉಣ್ಣುತ್ತದೆ.

ಅಲ್ಲಿ ಕೂತಾಗ ತುತ್ತು ಮಾಡಿ ಉಣಿಸಲು ಹೋಗಬೇಡಿ, ಚೆಲ್ಲಿದರೆ ಗೆಳತಿಯರೆದುರು ಗದರಬೇಡಿ. ಎಲ್ಲಿ ಕೂರಬೇಕು, ತಟ್ಟೆ ಎಲ್ಲಿಡಬೇಕು ಎಂಬುದನ್ನು ಅವಳೇ ನಿಮಗೆ ತೋರಿಸಲಿ. ಬೇರೆ ಮಕ್ಕಳ ಫೋಟೊ ತೆಗೆಯಬಾರದು. ಊಟ ಮುಗಿದ ಮೇಲೆ ನೀವು ಮನೆಗೆ ಹೋಗುತ್ತೀರಿ, ಅವಳು ತರಗತಿಗೆ ಹೋಗಬೇಕು ಎಂಬುದನ್ನು ಹಿಂದಿನ ರಾತ್ರಿಯೇ ಹೇಳಿಡಿ, ಇಲ್ಲವಾದರೆ ಬೀಳ್ಕೊಡುವಾಗ ಅಳು ತಪ್ಪದು. ನಿಮ್ಮ ಯಜಮಾನರಿಗೂ ಒಂದು ಸರದಿ ಬಿಟ್ಟುಕೊಡಿ.

ಹೊರಡಲು ಇನ್ನೂ ದಿನಗಳಿವೆ. ಅವಳಿಗೆ ಒಯ್ಯುವ ಡಬ್ಬಿ, ಥರ್ಮಾಸನ್ನು ಕಲಬುರಗಿಯಲ್ಲೇ ಕೊಂಡು, ಅಂಗಡಿಯಲ್ಲಿ ಅವಳ ಕೈಯಿಂದಲೇ ಮುಚ್ಚಳ ತೆಗೆಸಿ ನೋಡಿ. ದಿನಾ ಮಧ್ಯಾಹ್ನ ಅದರಲ್ಲೇ ಬಡಿಸಿ, ಯಾರ ಸಹಾಯವೂ ಇಲ್ಲದೆ ಇಪ್ಪತ್ತು ನಿಮಿಷದಲ್ಲಿ ಉಂಡು ಮುಚ್ಚುವುದನ್ನು ರೂಢಿ ಮಾಡಿಸಿರಿ.