ದೆಬೋರ್ ಹೇಳುವ 'ಸ್ಪೆಕ್ಟಕಲ್' (ಕಣ್ಸೆಳೆಯುವ ಪ್ರದರ್ಶನ) ಅಂದರೆ ಟಿವಿ, ಜಾಹೀರಾತುಗಳ ಅಬ್ಬರ ಅಷ್ಟೇನಾ?

ಅಷ್ಟೇ ಅಲ್ಲ. ಫ್ರಾನ್ಸಿನ ಚಿಂತಕ ಗೀ ದೆಬೋರ್ ಈ ಮಾತನ್ನು ವಿವರಿಸಿದ್ದು 1967ರ ಪುಸ್ತಕದಲ್ಲಿ. ಅವನ ಪ್ರಕಾರ ಸ್ಪೆಕ್ಟಕಲ್ ಅಂದರೆ ಚಿತ್ರಗಳ ರಾಶಿಯಲ್ಲ, ಚಿತ್ರಗಳ ಮೂಲಕ ನಡೆಯುವ ಮನುಷ್ಯ ಸಂಬಂಧ.

ಮೊನ್ನೆ ಮುಂಬೈನ ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ನಾವು ನಾಲ್ವರು ಕೂತಿದ್ದೆವು. ಬಿಸಿ ದೋಸೆ ಬಂತು. ಯಾರೂ ಮುಟ್ಟಲಿಲ್ಲ, ಮೊದಲು ಫೋಟೋ! ಒಬ್ಬ ಚಟ್ನಿ ಬಟ್ಟಲನ್ನು ಎರಡು ಸಲ ಸರಿಸಿ ಇಟ್ಟ. ಅಷ್ಟರಲ್ಲಿ ದೋಸೆ ಮೆತ್ತಗಾಯಿತು. ದೆಬೋರ್ ಹೇಳುವುದು ಇದನ್ನೇ: 'ಇರುವುದು' ಹೋಗಿ 'ಹೊಂದಿರುವುದು' ಬಂತು, ಈಗ ಅದೂ ಹೋಗಿ 'ಕಾಣಿಸಿಕೊಳ್ಳುವುದು' ಬಂದಿದೆ. ತಿಂದದ್ದಕ್ಕಿಂತ ತಿಂದಂತೆ ಕಂಡದ್ದೇ ಜಾಸ್ತಿ.

ಇದರ ಬೇರು ಮಾರ್ಕ್ಸ್‌ನಲ್ಲಿದೆ. 1867ರಲ್ಲೇ ಅವನು ಹೇಳಿದ್ದ: ಸರಕು ತಾನಾಗಿಯೇ ಬೆಲೆಬಾಳುವ ವಸ್ತುವಿನಂತೆ ಕಾಣುತ್ತದೆ, ಅದರ ಹಿಂದಿರುವ ದುಡಿಮೆ ಮರೆಯಾಗುತ್ತದೆ. ನಮ್ಮ ಫೋಟೋದಲ್ಲೂ ದೋಸೆ ಹೊಳೆಯುತ್ತಿತ್ತು. ಹಿಟ್ಟು ರುಬ್ಬಿ, ಕಾವಲಿ ಮುಂದೆ ಬೆವರುತ್ತಿದ್ದ ಕುಂದಾಪುರದ ಹುಡುಗ ಎಲ್ಲೂ ಇರಲಿಲ್ಲ. ಅವನ ಕನ್ನಡ ಕೇಳಿ ಖುಷಿಪಟ್ಟವರು ನಾವೇ, ಅಲ್ವಾ?

ಆದರೆ ದೆಬೋರ್ ಒಂದು ಕಡೆ ಸ್ವಲ್ಪ ಅತಿ ಮಾಡುತ್ತಾನೆ ಅನಿಸುತ್ತದೆ. ನೋಡುಗರು ಸುಮ್ನೆ ಬಾಯಿಬಿಟ್ಟು ನೋಡುತ್ತಾ ಕೂರುತ್ತಾರೆ ಎಂಬಂತೆ ಬರೆಯುತ್ತಾನೆ. ಬಾಂದ್ರಾ ಕಡೆಗೆ ಹೋಗುವಾಗ ಸಮುದ್ರ ಕಾಣುವ ಫ್ಲಾಟಿನ ಹೋರ್ಡಿಂಗ್ ನೋಡಿ ನಮ್ಮ ಲೋಕಲ್ ಟ್ರೇನಿನ ಗೆಳೆಯರು ಹೇಳುವ ಜೋಕುಗಳನ್ನು ಅವನು ಕೇಳಬೇಕಿತ್ತು.